ನಮ್ಮತ್ತೆಯ ಕಾರ್ಖಾನೆ

ನಮ್ಮ ಅತ್ತೆಗೆ ಮಾಲೂರಿನಲ್ಲಿ ಒಂದು ಕಾರ್ಖಾನೆ ಇದೆ. ನೀವು ನಂಬುವುದಿಲ್ಲ, ಗೊತ್ತು. ಎರಡು ಎಮ್ಮೆ, ಒಂದೂವರೆ ಎಕರೆ ಮಾವಿನ ತೋಪು, ಹಿತ್ತಲಲ್ಲಿ ನಾಲ್ಕು ಸಾಲು ಹುರುಳಿಕಾಯಿ ಇಟ್ಟುಕೊಂಡು ಬೈರಕೂರಿನ ಕಡೆಯ ಹಳ್ಳಿಯಲ್ಲಿ ಕೂತಿರುವ ಅರವತ್ತನಾಲ್ಕು ವರ್ಷದ ಹೆಂಗಸಿಗೆ ಕಾರ್ಖಾನೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ನಾನೇ ಕೊಡಿಸಿದೆ. ಪೂರ್ತಿ ಕಾರ್ಖಾನೆ ಅಲ್ಲ, ಶುರುವಿನಲ್ಲಿ ಅದರ ನಲವತ್ತು ಷೇರು. ಆದರೆ ಈ ವ್ಯತ್ಯಾಸವನ್ನು ದಯವಿಟ್ಟು ಅವರ ಮುಂದೆ ಎತ್ತಬೇಡಿ. ನಾನು ಒಂದು ಸಲ ಎತ್ತಿದ್ದೆ. ಅವತ್ತು ನನ್ನ ತಟ್ಟೆಯ ಮುದ್ದೆಗೆ ಸಾರು ಬೀಳಲೇ ಇಲ್ಲ.

ಕಾರ್ಖಾನೆಯ ಹೆಸರು ಹೇಳುವುದಿಲ್ಲ. ಕಾರುಗಳ ಒಳಗೆ ಓಡುವ ವೈರುಗಳನ್ನು ಕಂತೆಕಂತೆಯಾಗಿ ಜೋಡಿಸಿ ಕಳಿಸುವ ಕಂಪನಿ, ಅಷ್ಟು ಸಾಕು. ಹೆಸರು ಬರೆದರೆ ಕಂಪನಿಯ ಗುಟ್ಟು ಬಯಲು ಮಾಡಿದೆ ಎಂದು ಅತ್ತೆ ನನ್ನ ಮೇಲೆ ಶಿಸ್ತುಕ್ರಮ ತೆಗೆದುಕೊಂಡರೂ ತೆಗೆದುಕೊಂಡಾರು.

ಅತ್ತೆ ಎಂದರೆ ನಮ್ಮಪ್ಪನ ಒಬ್ಬಳೇ ತಂಗಿ. ಅಪ್ಪ ಕಂದಾಯ ಇಲಾಖೆಯಿಂದ ನಿವೃತ್ತರಾಗಿ ಮುಳಬಾಗಿಲಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ತಂಗಿಯ ಯಾವ ಸಾಹಸದ ಸುದ್ದಿ ಬಂದರೂ ಪೇಪರಿನ ಪುಟ ಮಗುಚಿ, ಅವಳು ಮೊದಲಿನಿಂದಲೂ ಹಾಗೇ ಎಂದು ಮುಗಿಸಿಬಿಡುತ್ತಾರೆ. ನಾನು ಅದೇ ಊರಿನ ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ. ವರ್ಷಕ್ಕೊಮ್ಮೆ ಮಕ್ಕಳಿಗೆ ‘ಯಶಸ್ಸಿನ ಏಳು ಮೆಟ್ಟಿಲು’ ಎಂದು ಭಾಷಣ ಮಾಡುತ್ತೇನೆ. ನಾನು ಹದಿನಾಲ್ಕು ವರ್ಷದಿಂದ ಎರಡನೆಯ ಮೆಟ್ಟಿಲ ಮೇಲೆ ಕೂತಿದ್ದೇನೆ ಎನ್ನುವುದು ಬೇರೆ ಮಾತು.

ಅತ್ತೆಯ ಹಣಕಾಸು ನೀತಿ ಬಹಳ ಸರಳ. ತನ್ನದು ಅಂದ ಮೇಲೆ ಅದನ್ನು ಆಗಾಗ ಹೋಗಿ ನೋಡಬೇಕು. ತೋಪನ್ನು ದಿನಕ್ಕೆ ಎರಡು ಸಲ ನೋಡುತ್ತಾರೆ. ಎಮ್ಮೆಗಳನ್ನು ನಾಲ್ಕು ಸಲ. ಮಾವನನ್ನು ಊಟದ ಹೊತ್ತಿಗೆ ಒಂದು ಸಲ. ಚಿನ್ನದ ಮೇಲೆ ಅವರಿಗೆ ಅಂಥ ಮೋಹವಿಲ್ಲ. ಕೊಂಡ ತಕ್ಷಣ ಬಚ್ಚಿಡಬೇಕು, ಬಚ್ಚಿಟ್ಟರೆ ನೋಡುವುದಕ್ಕಾಗುವುದಿಲ್ಲ, ನೋಡುವುದಕ್ಕಾಗದ್ದು ಇದ್ದರೆಷ್ಟು ಬಿಟ್ಟರೆಷ್ಟು ಎನ್ನುವುದು ಅವರ ವಾದ.

ಒಂದು ವರ್ಷ ಮಾವಿನ ಫಸಲಿನ ದುಡ್ಡನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಿದೆ. ತಿಂಗಳು ಕಳೆಯಿತು. ಒಂದು ದಿನ ಅತ್ತೆ ಒಬ್ಬರೇ ಬಸ್ಸು ಹತ್ತಿ ಬಂದು, ಕ್ಯಾಷ್ ಕೌಂಟರಿನ ಮುಂದೆ ನಿಂತು, ನನ್ನ ದುಡ್ಡು ನೋಡಬೇಕಿತ್ತು ಎಂದರಂತೆ. ತೆಗೆಯಬೇಕಾ ಎಂದು ಕ್ಯಾಷಿಯರ್ ಕೇಳಿದ. ತೆಗೆಯುವುದು ಬೇಡ, ನೋಡಬೇಕು. ಅವನು ಪಾಸ್‌ಬುಕ್ಕು ತೋರಿಸಿದ. ಇದು ಅಂಕಿ, ದುಡ್ಡೆಲ್ಲಿ ಎಂದರು ಅತ್ತೆ. ಹಿಂದೆ ಸಾಲು ಬಾಗಿಲು ದಾಟಿ ಹೊರಗೆ ಹೋಗಿತ್ತು. ಪಾಪ, ಹೊಸ ಹುಡುಗ, ಹೊಳೆದದ್ದನ್ನು ಮಾಡಿದ. ಡ್ರಾಯರಿನಿಂದ ಒಂದು ಕಟ್ಟು ನೋಟು ಎತ್ತಿ ಗಾಜಿನ ಹಿಂದಿನಿಂದ ತೋರಿಸಿದ. ಅತ್ತೆ ಕನ್ನಡಕ ಏರಿಸಿ ನೋಡಿ, ಇದು ನನ್ನದಲ್ಲ, ನಾನು ಕೊಟ್ಟ ಕಟ್ಟಿಗೆ ಹಸಿರು ದಾರ ಸುತ್ತಿತ್ತು ಎಂದರು.

ಆ ಕ್ಯಾಷಿಯರ್ ಈಗಲೂ ಎದುರು ಸಿಕ್ಕರೆ, ನಿಮ್ಮ ಅತ್ತೆ ಆರಾಮಾಗಿದ್ದಾರಾ ಸಾರ್ ಎಂದು ಕೇಳುತ್ತಾನೆ. ಅದರಲ್ಲಿ ಯೋಗಕ್ಷೇಮ ಕಡಿಮೆ, ಮುಂದಿನ ಸಲ ಯಾವತ್ತು ಬರುತ್ತಾರೋ ಎನ್ನುವ ಭಯವೇ ಹೆಚ್ಚು.

ಇಂಥವರಿಗೆ ಷೇರಿನ ವಿಷಯ ಹೇಳಲು ಹೋದವನು ನಾನು. ಹೋದದ್ದಕ್ಕೆ ಕಾರಣವಿತ್ತು. ಸ್ಟಾಫ್ ರೂಮಿನಲ್ಲಿ ಆಗ ನಾನೇ ಹೂಡಿಕೆಯ ಗುರು. ಕನ್ನಡ ಮೇಷ್ಟರಿಂದ ಹಿಡಿದು ಪಿ.ಟಿ. ಮೇಷ್ಟರವರೆಗೆ ಎಲ್ಲರೂ ನನ್ನ ಮೊಬೈಲಿಗೆ ಇಣುಕಿ ನೋಡುತ್ತಿದ್ದ ಕಾಲ. ಆ ಅಮಲಿನಲ್ಲಿ ಅತ್ತೆಯ ಮನೆಯ ಜಗಲಿಯ ಮೇಲೆ ಕೂತು ಎರಡು ಗಂಟೆ ಪಾಠ ಮಾಡಿದೆ. ಹಣದುಬ್ಬರ ವಿವರಿಸಿದೆ, ಚಕ್ರಬಡ್ಡಿ ವಿವರಿಸಿದೆ, ಒಂದೇ ಕಡೆ ಹಾಕಬಾರದು ಎನ್ನುವುದನ್ನು ತೆಂಗಿನ ಗರಿಯ ಕಡ್ಡಿ ಜೋಡಿಸಿ ತೋರಿಸಿದೆ. ಎರಡು ಗಂಟೆಯ ಪಾಠದಲ್ಲಿ ಅತ್ತೆಯ ತಲೆಗೆ ಹೋದದ್ದು ಒಂದೇ ವಾಕ್ಯ: ಷೇರು ತೆಗೆದುಕೊಂಡವರು ಆ ಕಂಪನಿಗೆ ಮಾಲೀಕರಾಗುತ್ತಾರೆ.

ಯಾವ ಕಂಪನಿ ಎಂದರು. ನಾನು ದೇಶಕ್ಕೇ ಗೊತ್ತಿರುವ ನಾಲ್ಕು ಹೆಸರು ಹೇಳಿದೆ. ಎಲ್ಲಿವೆ ಎಂದರು. ಮುಂಬೈ ಎಂದೆ. ಅತ್ತೆ ತಲೆಯಾಡಿಸಿದರು.

"ಅಲ್ಲೀಗಂಟ ಯಾರು ಹೋಗ್ತಾರಪ್ಪ ನಾಯ್ನಾ. ಬೆಳಿಗ್ಗೆ ಹೋಗಿ, ನೋಡ್ಕೊಂಡು, ಸಾಯಂಕಾಲ ಹಾಲು ಕರೆಯೋ ಹೊತ್ತಿಗೆ ವಾಪಸ್ ಬರೋ ಅಂಥದ್ದಿದ್ರೆ ಹೇಳು."

ಹೂಡಿಕೆಯ ಬಗ್ಗೆ ನಾನು ಕೇಳಿರುವ ಸಲಹೆಗಳು ಬೇಕಾದಷ್ಟಿವೆ. ಎಮ್ಮೆ ಹಾಲು ಕರೆಯುವ ಹೊತ್ತನ್ನು ಲೆಕ್ಕಕ್ಕೆ ಹಿಡಿದದ್ದು ಇದೊಂದೇ. ಆ ಮಾನದಂಡದಲ್ಲಿ ಹುಡುಕಿದಾಗ ಸಿಕ್ಕಿದ್ದು ಈ ಮಾಲೂರಿನ ಕಾರ್ಖಾನೆ. ಅತ್ತೆಯ ಊರಿನಿಂದ ಒಂಬತ್ತು ಹತ್ತು ಹೆಣ್ಣುಮಕ್ಕಳು ಅಲ್ಲಿಗೆ ಕೆಲಸಕ್ಕೆ ಹೋಗುತ್ತಿದ್ದರು. ಬೆಳಗಿನ ಜಾವ ಕಂಪನಿಯ ಬಸ್ಸು ಊರ ಬಾಗಿಲಿಗೇ ಬರುತ್ತಿತ್ತು. ಅತ್ತೆಗೆ ಅದು ಒಪ್ಪಿಗೆಯಾಯಿತು. ಖಾತೆ ತೆರೆದು, ಅವರ ಹೆಸರಿನಲ್ಲಿ ನಲವತ್ತು ಷೇರು ಕೊಡಿಸಿದೆ. ಮುಂದಿನ ಬುಧವಾರವೇ ಅತ್ತೆ ಫೋನು ಮಾಡಿದರು. ಹೋಗಿ ನೋಡಿಕೊಂಡು ಬರೋಣ ಎಂದು!

ಷೇರು ಕೊಂಡವರು ಹಾಗೆಲ್ಲ ಹೋಗುವಂತಿಲ್ಲ ಎಂದು ಹೇಳಿ ನೋಡಿದೆ. ಮಾಲೀಕರಾಗುತ್ತೀರ ಎಂದವನು ನೀನೇ ಅಲ್ಲವಾ ಎಂದರು. ನನ್ನ ಪಾಠ ನನಗೇ ತಿರುಗುಬಾಣವಾಗುವುದು ಹೊಸದೇನಲ್ಲ. ರಜೆ ಹಾಕಿ ಹೊರಟೆ.

ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. ಯಾರನ್ನು ನೋಡಬೇಕು ಎಂದ. ಯಾರನ್ನೂ ನೋಡಬೇಕಾಗಿಲ್ಲ, ಕಾರ್ಖಾನೆ ನೋಡಬೇಕು ಎಂದರು ಅತ್ತೆ. ನೀವ್ಯಾರು ಎಂದ. ಅತ್ತೆ ಸೆರಗು ಹೊದ್ದುಕೊಂಡು, "ಓನರ್ರು" ಎಂದರು.

ಅವನು ಒಳಗೆ ಫೋನು ಮಾಡಿ ಏನೆಂದು ಹೇಳಿದನೋ ದೇವರಿಗೇ ಗೊತ್ತು. ಎರಡೇ ನಿಮಿಷದಲ್ಲಿ ಎಚ್.ಆರ್. ವಿಭಾಗದ ಒಬ್ಬ ಯುವಕ ಟೈ ಸರಿಮಾಡಿಕೊಳ್ಳುತ್ತ ಓಡಿ ಬಂದ. ಕೈಚೀಲ ಹಿಡಿದ ಅತ್ತೆಯನ್ನೂ, ನೆಲ ನೋಡುತ್ತ ನಿಂತಿದ್ದ ನನ್ನನ್ನೂ ನೋಡಿ, ಅತ್ತೆಯ ಹಿಂದೆ ಕಾರೇನಾದರೂ ನಿಂತಿದೆಯಾ ಎಂದು ಕತ್ತು ಚಾಚಿದ. ನಾನು ಪಿಸುದನಿಯಲ್ಲಿ ಎಲ್ಲ ವಿವರಿಸಿದೆ. ಒಳ್ಳೆಯ ಹುಡುಗ. ನಗಲಿಲ್ಲ. ಒಳಗೆ ಬಿಡುವ ಹಾಗಿಲ್ಲ ಅಮ್ಮ, ಕ್ಷಮಿಸಿ ಎಂದು, ಸೆಕ್ಯುರಿಟಿ ಕೋಣೆಯಲ್ಲಿ ಕೂರಿಸಿ ಟೀ ತರಿಸಿಕೊಟ್ಟ. ಅತ್ತೆ ಕೈಚೀಲದಿಂದ ನಿಪ್ಪಟ್ಟು ತೆಗೆದು ಅವನಿಗೂ ಕೊಟ್ಟರು, ಸೆಕ್ಯುರಿಟಿಯವನಿಗೂ ಕೊಟ್ಟರು. ಆಮೇಲೆ ಶಿಫ್ಟು ಬಿಡುವವರೆಗೂ ಕಿಟಕಿಯ ಪಕ್ಕ ಕೂತು, ಒಳಗೆ ಹೋಗುವ ಲಾರಿ, ಹೊರಗೆ ಬರುವ ಲಾರಿ ಎಲ್ಲವನ್ನೂ ನೋಡಿದರು.

ವಾಪಸ್ ಬರುವಾಗ ಕೋಲಾರ ದಾಟುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಬೇಜಾರಾಗಿರಬೇಕು ಎಂದುಕೊಂಡೆ. ಕೊನೆಗೆ ನನ್ನ ಕಡೆ ತಿರುಗಿದರು.

"ಆ ಸೆಕ್ಯುರಿಟಿ ಒಳ್ಳೇವ್ನು ಕಣೋ. ಓನರ್ರು ಬಂದ್ರೂ ಒಳಗೆ ಬಿಡಲಿಲ್ಲ. ಅವನಿಗೆ ಸಂಬಳ ಜಾಸ್ತಿ ಮಾಡ್ಬೇಕು."

ಅಲ್ಲಿಂದ ಮುಂದೆ ಅತ್ತೆಯ ದಿನಚರಿಯೇ ಬದಲಾಯಿತು. ಬೆಳಗಿನ ಜಾವ ಬಸ್ಸು ಬರುವ ಹೊತ್ತಿಗೆ ಸಗಣಿ ಬುಟ್ಟಿಯ ನೆಪದಲ್ಲಿ ಊರ ಬಾಗಿಲಿನಲ್ಲಿ ನಿಂತು, ಹತ್ತುವ ಹುಡುಗಿಯರನ್ನು ಎಣಿಸುತ್ತಿದ್ದರು. ಒಬ್ಬಳು ಕಡಿಮೆಯಾದರೆ ಅವಳ ಮನೆಗೇ ಹೋಗಿ ವಿಚಾರಣೆ. ಜ್ವರ ಎಂದರೆ ಮೆಣಸಿನ ಸಾರು ಮಾಡಿಕೊಟ್ಟು ಬರುವುದು, ಸೋಮಾರಿತನ ಎಂದರೆ ಬುದ್ಧಿ ಹೇಳಿ ಬರುವುದು. ಹುಡುಗಿಯರು ಮೊದಮೊದಲು ಮುಸಿಮುಸಿ ನಗುತ್ತಿದ್ದರು. ಆಮೇಲೆ ಅವರೇ ‘ಓನರವ್ವ’ ಎಂದು ಕರೆಯತೊಡಗಿ, ಸೂಪರ್‌ವೈಸರ್ ಬೈದದ್ದು, ಕ್ಯಾಂಟೀನಿನ ಸಾಂಬಾರು ನೀರಾಗಿದ್ದು, ಹೊಸ ಮಿಷನ್ ಬಂದದ್ದು ಎಲ್ಲವನ್ನೂ ಅವರಿಗೆ ಒಪ್ಪಿಸತೊಡಗಿದರು. ಕಂಪನಿ ಮೂರು ತಿಂಗಳಿಗೊಮ್ಮೆ ಹೊರಡಿಸುವ ವರದಿಯನ್ನು ನಾನು ಮೊಬೈಲಿನಲ್ಲಿ ಓದುತ್ತಿದ್ದೆ. ಅತ್ತೆಗೆ ದಿನಾ ಬರುತ್ತಿತ್ತು.

ಇದೇ ಹೊತ್ತಿನಲ್ಲಿ ನಾನೂ ಒಂದು ಕಂಪನಿಯ ಷೇರು ಕೊಂಡಿದ್ದೆ. ಫೋನಿನ ಯಾವುದೋ ಗುಂಪಿನಲ್ಲಿ ಬಂದ ಗುಟ್ಟಿನ ಸಲಹೆ. ಬ್ಯಾಟರಿಗೆ ಸಂಬಂಧಪಟ್ಟ ಏನನ್ನೋ ಮಾಡುವ ಕಂಪನಿ. ಅದೇನು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅದು ಗಾಳಿಪಟದ ಹಾಗೆ ಏರುತ್ತಿತ್ತು. ಅತ್ತೆಯದು ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತು. ಸ್ಟಾಫ್ ರೂಮಿನಲ್ಲಿ ನಾನು ಅತ್ತೆಯ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಆಮೇಲೆ ಮಾರುಕಟ್ಟೆ ಬಿತ್ತು. ನನ್ನ ಗಾಳಿಪಟ ದಾರ ಕಿತ್ತುಕೊಂಡು ಎಲ್ಲಿ ಹೋಯಿತೋ ಪತ್ತೆಯಿಲ್ಲ. ಅತ್ತೆಯದೂ ಸುಮಾರು ಅರ್ಧಕ್ಕೆ ಇಳಿಯಿತು. ನನ್ನ ದುಡ್ಡು ಹೋದರೆ ಹೋಯಿತು, ಅತ್ತೆಯ ಮಾವಿನ ದುಡ್ಡು ನನ್ನ ಮಾತು ಕೇಳಿ ಹೋಯಿತಲ್ಲ ಎಂದು ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಬೈಕು ಹತ್ತಿ ಹೋಗಿ, ಉಳಿದದ್ದನ್ನಾದರೂ ಉಳಿಸಿಕೊಳ್ಳೋಣ, ಮಾರಿಬಿಡೋಣ ಅತ್ತೆ ಎಂದು ಕೈ ಹಿಡಿದುಕೊಂಡೆ. ಅತ್ತೆ ಹುರುಳಿಕಾಯಿ ಬಿಡಿಸುತ್ತಿದ್ದರು.

"ಫ್ಯಾಕ್ಟರಿ ಮುಚ್ಚಿದ್ರಾ?"

ಇಲ್ಲ ಎಂದೆ.

"ಬಸ್ಸು ನಿಲ್ಲಿಸಿದ್ರಾ?"

ಇಲ್ಲ.

"ಮತ್ತೆ ಬಿದ್ದಿದ್ದೇನು?"

ರೇಟು ಎಂದೆ. ಅದು ನಿನ್ನ ಮೊಬೈಲಲ್ಲಿ ಬಿದ್ದಿರಬೇಕು ಎಂದರು ಅತ್ತೆ. ಹೋದ ಸೋಮವಾರದಿಂದ ಊರಿಗೆ ಎರಡನೆಯ ಬಸ್ಸು ಬರುತ್ತಿದೆಯಂತೆ. ಮಧ್ಯಾಹ್ನದ ಶಿಫ್ಟಿಗೆ ಹೊಸದಾಗಿ ಐದು ಹುಡುಗಿಯರನ್ನು ತೆಗೆದುಕೊಂಡಿದ್ದಾರಂತೆ. ಕೆಲಸ ಕಡಿಮೆಯಾದ ಮನೆಯಲ್ಲಿ ಯಾರಾದರೂ ಹೊಸ ಆಳು ಕರೆಯುತ್ತಾರಾ ಎಂದು ಕೇಳಿದರು. ಮಾರುವುದು ಹಾಗಿರಲಿ, ಅಗ್ಗವಾಗಿದೆ ಎಂದರೆ ಇನ್ನೊಂದಿಪ್ಪತ್ತು ತೆಗೆದುಕೊಡು ಎಂದು ಎಮ್ಮೆಕರು ಮಾರಿದ ದುಡ್ಡನ್ನು ನನ್ನ ಜೇಬಿಗೆ ತುರುಕಿದರು. ನಾನು ಸುಮ್ಮನೆ ತೆಗೆದುಕೊಟ್ಟೆ. ಮುಂದಿನ ವರ್ಷದ ಹೊತ್ತಿಗೆ ಆ ಷೇರು ಕಳೆದುಕೊಂಡದ್ದನ್ನೆಲ್ಲ ತುಂಬಿಕೊಂಡು ಮೇಲಕ್ಕೂ ಹೋಯಿತು. ಅತ್ತೆಗೆ ಹೇಳಿದಾಗ, ಹೂಂ, ಮೂರನೇ ಬಸ್ಸು ಬರುತ್ತೆ ಅಂತಿದ್ರು ಎಂದು ಎದ್ದು ಹೋದರು. ನಾನು ಸ್ಟಾಫ್ ರೂಮಿನಲ್ಲಿ ಗುರುಪೀಠ ಬಿಟ್ಟುಕೊಟ್ಟೆ.

ಆ ವರ್ಷವೇ ಷೇರುದಾರರ ವಾರ್ಷಿಕ ಸಭೆಯ ನೋಟೀಸು ನನ್ನ ಫೋನಿಗೆ ಬಂತು. ವಿಡಿಯೊ ಮೂಲಕ ಸಭೆ. ಮಾತನಾಡಬೇಕೆನ್ನುವವರು ಮೊದಲೇ ಹೆಸರು ಕೊಡಬೇಕು. ಬಾಯಿತಪ್ಪಿ ಹೇಳಿದೆ. ಮನೆಯ ಯಜಮಾನರೆಲ್ಲ ಸೇರುವಾಗ ತಾನು ಹೋಗದಿದ್ದರೆ ಹೇಗೆ ಎಂದು ಅತ್ತೆ ಪಟ್ಟು ಹಿಡಿದರು.

ಮರ್ಯಾದೆಯ ಪ್ರಶ್ನೆ ನನ್ನದು. ಇಂಗ್ಲಿಷಿನಲ್ಲಿ ಎರಡೇ ಸಾಲಿನ ಪ್ರಶ್ನೆ ಬರೆದು, ಕನ್ನಡ ಅಕ್ಷರದಲ್ಲಿ ಇಳಿಸಿ, ಒಂದು ವಾರ ಬಾಯಿಪಾಠ ಮಾಡಿಸಿದೆ. ‘ಕ್ಯಾಪಿಟಲ್ ಎಕ್ಸ್‌ಪೆಂಡಿಚರ್’ ಎನ್ನುವುದು ವಾರದ ಕೊನೆಯವರೆಗೂ ‘ಕ್ಯಾಪಿಟಲ್ ಪಂಡಿತರು’ ಆಗಿಯೇ ಉಳಿಯಿತು. ಆ ಪಂಡಿತರು ಯಾವೂರಿನವರು ಎಂದು ಮಾವ ಒಂದು ಸಲ ಕೇಳಿದರು. ಆ ವಾರ ಮಾವ ಆಡಿದ ಮಾತು ಅದೊಂದೇ.

ಸಭೆಯ ದಿನ ಅತ್ತೆ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಲ್ಯಾಪ್‌ಟಾಪಿನ ಮುಂದೆ ಕೂತರು. ರಾತ್ರಿ ಶಿಫ್ಟು ಮುಗಿಸಿ ಬಂದಿದ್ದ ಇಬ್ಬರು ಹುಡುಗಿಯರು, ತಮ್ಮ ಮುಖ ಕಾಣಬಾರದೆಂದು ಕಂಬದ ಹಿಂದೆ ನಿಂತರು. ಪರದೆಯ ಮೇಲೆ ಕೋಟು ತೊಟ್ಟ ಏಳೆಂಟು ಜನ. ಅತ್ತೆಗಿಂತ ಮೊದಲು ಮಾತನಾಡಿದವರಲ್ಲಿ ಅರ್ಧ ಜನ ಅಧ್ಯಕ್ಷರನ್ನು ಹೊಗಳಿದರು, ಉಳಿದವರು ಲಾಭಾಂಶ ಸಾಲದು ಎಂದರು. ಅಧ್ಯಕ್ಷರು ತಲೆ ಎತ್ತದೆ ಕಾಗದ ನೋಡುತ್ತಿದ್ದರು. ಅತ್ತೆಯ ಹೆಸರು ಕೂಗಿದರು. ಮೂರು ನಿಮಿಷ ಸಮಯ.

ಅತ್ತೆ ನನ್ನ ಚೀಟಿಯನ್ನು ನೋಡಿದರು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಪರದೆಯ ಕಡೆ ಬಾಗಿ, ಆಂಧ್ರದ ಗಡಿಯಲ್ಲಿರುವ ನಮ್ಮ ಕಡೆ ಕನ್ನಡದಷ್ಟೇ ಸಲೀಸಾದ ತೆಲುಗಿನಲ್ಲಿ, ತೆಲುಗು ಬರುತ್ತಾ ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಧ್ಯಕ್ಷರು ಮೊದಲ ಸಲ ತಲೆ ಎತ್ತಿ, ಬರುತ್ತೆ, ಹೇಳಮ್ಮಾ ಎಂದು ತೆಲುಗಿನಲ್ಲೇ ಅಂದರು. ಮುಂದಿನ ಮಾತೆಲ್ಲ ಆ ಭಾಷೆಯಲ್ಲೇ ನಡೆಯಿತು. ನಾನು ಕನ್ನಡದಲ್ಲಿ ಒಪ್ಪಿಸುತ್ತೇನೆ.

"ಸ್ವಾಮಿ, ಲಾಭದ ಮಾತು ಅವರೆಲ್ಲ ಕೇಳಿದ್ರು, ನಾನು ಕೇಳಲ್ಲ. ಶಿಫ್ಟ್ ಬಿಟ್ಟ ಮೇಲೆ ನಮ್ಮ ಹುಡುಗೀರು ಗೇಟಿನ ಮುಂದೆ ಬಸ್ಸಿಗೆ ಕಾಯ್ತಾ ಅರ್ಧ ಗಂಟೆ ರೋಡಲ್ಲಿ ನಿಂತಿರ್ತಾರೆ. ಬಿಸಿಲಿಗೂ ಅಲ್ಲೇ, ಮಳೆಗೂ ಅಲ್ಲೇ. ಹೋಗಿ ಬರೋರೆಲ್ಲ ನೋಡ್ಕೊಂಡು ಹೋಗ್ತಾರೆ. ನಮ್ಮನೆ ಮುಂದೆ ನಾನು ಎಮ್ಮೆಗೂ ಚಪ್ಪರ ಹಾಕಿದೀನಿ. ನಿಮ್ಮನೆ ಮುಂದೆ ಹಾಕಿಲ್ಲ. ನಿಮ್ಮನೆ ಅಂದ್ರೆ ನಮ್ಮನೇನೇ ಅಲ್ವಾ, ಅದಕ್ಕೇ ನನಗೂ ನಾಚಿಕೆ."

ಅಷ್ಟು ಹೇಳಿ ಕೈ ಮುಗಿದರು. ಇನ್ನೂ ಎರಡು ನಿಮಿಷ ಉಳಿದಿತ್ತು. ಅಧ್ಯಕ್ಷರು ಏನನ್ನೋ ಬರೆದುಕೊಂಡು, ಗಮನಿಸುತ್ತೇವಮ್ಮಾ ಎಂದರು. ಕಂಬದ ಹಿಂದಿದ್ದ ಹುಡುಗಿಯರಲ್ಲಿ ಒಬ್ಬಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನ ಮರ್ಯಾದೆಯ ನೆನಪು ನನಗೆ ಬಂದದ್ದು ಬಹಳ ಹೊತ್ತಿನ ಮೇಲೆ, ಆಗ ಅದರಿಂದ ಯಾವ ಉಪಯೋಗವೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಹುಡುಗಿಯರು ಸುದ್ದಿ ತಂದರು. ಗೇಟಿನ ಪಕ್ಕ ಉದ್ದಕ್ಕೆ ಶೀಟಿನ ಚಾವಣಿ, ಕೆಳಗೆ ಸಿಮೆಂಟಿನ ಬೆಂಚು, ಒಂದು ಕುಡಿಯುವ ನೀರಿನ ನಲ್ಲಿ. ಅತ್ತೆಯ ಮಾತಿನಿಂದ ಆಯಿತೋ, ಮೊದಲೇ ಅವರ ಯೋಜನೆಯಲ್ಲಿತ್ತೋ ನನಗೆ ಗೊತ್ತಿಲ್ಲ. ಅತ್ತೆಗೆ ಗೊತ್ತು. ಮರುದಿನವೇ ಮಾಲೂರಿಗೆ ಹೊರಡಿಸಿದರು.

ಕಂಬಗಳನ್ನು ಕೈಯಿಂದ ಅಲುಗಿಸಿ ನೋಡಿದರು. ನಲ್ಲಿ ತಿರುಗಿಸಿ ನೀರು ಕುಡಿದರು. ಬೆಂಚು ಎರಡು ಬೆರಳು ಎತ್ತರವಾಯಿತು ಎಂದು ತಕರಾರು ತೆಗೆದು, ಅದರ ಮೇಲೆಯೇ ಕೂತರು. ಸ್ವಲ್ಪ ಹೊತ್ತು ಕಾಲು ಅಲ್ಲಾಡಿಸುತ್ತ ಕೂತಿದ್ದು, ತನ್ನ ಪಾಡಿಗೆ ತಾನು ಮಾತಾಡಿದಂತೆ, ನಾನು ಇಂಥದೇ ಕೆಲಸಕ್ಕೆ ಹೋಗಬೇಕಿತ್ತು ಕಣೋ ಎಂದರು.

ನಾನು ಈ ಕಥೆ ಕೇಳಿರಲೇ ಇಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲಿದ್ದಾಗ, ಕೋಲಾರದ ಹತ್ತಿರ ರೇಡಿಯೊ ಬಿಡಿಭಾಗ ಜೋಡಿಸುವ ಒಂದು ಸಣ್ಣ ಕಾರ್ಖಾನೆಗೆ ಅರ್ಜಿ ಹಾಕಿದ್ದರಂತೆ. ಸಂದರ್ಶನಕ್ಕೂ ಹೋಗಿ ಬಂದಿದ್ದರಂತೆ. ಕೆಲಸಕ್ಕೆ ಬಾ ಎಂದು ಕಾಗದ ಬಂತು. ನಮ್ಮ ತಾತ ಆಗಲೇ ತೀರಿಕೊಂಡಿದ್ದರು, ಮನೆಗೆ ಅಪ್ಪನೇ ಹಿರಿಯರು. ಅವರು ಬೇಡ ಎಂದರು.

"ನಾಲ್ಕು ಜನ ಓಡಾಡೋ ರೋಡಲ್ಲಿ ಬಸ್ಸಿಗೆ ಕಾಯ್ಕೊಂಡು ನಿಂತ್ಕೋತಾಳಾ ನಮ್ಮನೆ ಹುಡುಗಿ, ಅಂದ. ಅಷ್ಟೇ. ಮುಂದಿನ ವರ್ಷ ಮದುವೆ ಆಯ್ತು. ನಿಮ್ಮಪ್ಪನ್ನ ಏನೂ ಅನ್ನಬೇಡ ಕಣೋ. ಆಗ ಅವನಿಗೂ ಇಪ್ಪತ್ತೈದೇ ವರ್ಷ."

ದನಿಯಲ್ಲಿ ದೂರು ಇರಲಿಲ್ಲ. ತೋಪಿನಲ್ಲಿ ಯಾವುದೋ ವರ್ಷ ಹೂ ಉದುರಿಹೋದದ್ದನ್ನು ಹೇಳುವ ಹಾಗೆ ಹೇಳಿ, ಹಾಲು ಕರೆಯೋ ಹೊತ್ತಾಯಿತು ಎಂದು ಎದ್ದರು.

ನನಗೆ ತಡೆಯಲಾಗಲಿಲ್ಲ. ಸಂಜೆ ಮನೆಗೆ ಬಂದು, ಅಪ್ಪನಿಗೆ ಚಾವಣಿಯ ವಿಷಯ ಹೇಳುತ್ತ ಹೇಳುತ್ತ ಇದನ್ನೂ ಹೇಳಿಬಿಟ್ಟೆ. ಅವಳು ಮೊದಲಿನಿಂದಲೂ ಹಾಗೇ ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಆ ಕಾಗದ ಪೋಸ್ಟಿನವನು ನನ್ನ ಕೈಗೇ ಕೊಟ್ಟಿದ್ದ ಎಂದರು. ಆಮೇಲೆ ಕೈಯಲ್ಲಿದ್ದ ಪೇಪರನ್ನು ನಿಧಾನವಾಗಿ ಮಡಚತೊಡಗಿದರು, ಇನ್ನು ಮಡಚಲು ಆಗದಷ್ಟು ಚಿಕ್ಕದಾಗುವವರೆಗೂ.

ನಾಲ್ಕು ದಿನ ಕಳೆದು, ಕಾರು ತೆಗಿ ಎಂದರು. ನೇರವಾಗಿ ಅತ್ತೆಯ ಊರಿಗೆ. ಅತ್ತೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಅಪ್ಪ ಅಂಗಳದಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ ಹೇಳಿದರು.

"ನಿನ್ನ ಫ್ಯಾಕ್ಟರಿ ನೋಡ್ಬೇಕಮ್ಮಾ. ಕರ್ಕೊಂಡು ಹೋಗು."

ಅತ್ತೆ ಅಣ್ಣನ ಮುಖವನ್ನು ಒಂದು ಗಳಿಗೆ ನೋಡಿದರು. ನನ್ನ ಮುಖವನ್ನೂ ನೋಡಿದರು. ನಾನು ಎಮ್ಮೆಯ ಕಡೆ ತಿರುಗಿಕೊಂಡೆ. ಸೀರೆ ಬದಲಾಯಿಸಿಕೊಂಡು ಬರ್ತೀನಿ ಇರು ಎಂದು ಒಳಗೆ ಹೋದವರು ಅರ್ಧ ಗಂಟೆ ಬರಲೇ ಇಲ್ಲ. ದಾರಿಯುದ್ದಕ್ಕೂ ಮಾತಾಡಿದವರು ಅವರೊಬ್ಬರೇ. ಯಾವ ವೈರು ಯಾವ ಬಣ್ಣ, ಯಾವ ಶಿಫ್ಟು ಎಷ್ಟು ಹೊತ್ತಿಗೆ, ಯಾವ ಸೂಪರ್‌ವೈಸರಿಗೆ ಕೋಪ ಜಾಸ್ತಿ, ಎಲ್ಲವನ್ನೂ ಅಪ್ಪನಿಗೆ ವಿವರಿಸಿದರು. ಆ ವಿವರಣೆ ಕೇಳಿದರೆ, ಕಾರ್ಖಾನೆಯ ಒಳಗೆ ಅವರು ಒಂದು ದಿನವೂ ಕಾಲಿಟ್ಟಿಲ್ಲ ಎಂದು ಯಾರೂ ಹೇಳಲಾರರು. ಅಪ್ಪ ಎಲ್ಲದಕ್ಕೂ ಹೂಂಗುಟ್ಟಿದರು.

ಗೇಟಿನಲ್ಲಿ ಸೆಕ್ಯುರಿಟಿಯವನು ಎದ್ದು ಸಲಾಮು ಹೊಡೆದ. ಇವರು ನಮ್ಮಣ್ಣ ಎಂದು ಅತ್ತೆ ಪರಿಚಯ ಮಾಡಿಸಿದರು. ಇಬ್ಬರೂ ಚಾವಣಿಯ ಕೆಳಗೆ ಬೆಂಚಿನ ಮೇಲೆ ಕೂತರು. ಶಿಫ್ಟು ಬಿಟ್ಟಿತು. ನೀಲಿ ಮೇಲಂಗಿಯ ಹುಡುಗಿಯರು ಗುಂಪುಗುಂಪಾಗಿ ಬಂದರು, ಬೆಂಚು ತುಂಬಿತು. ಕೊನೆಗೆ ಬಂದ ಒಬ್ಬಳಿಗೆ ಜಾಗವಿರಲಿಲ್ಲ. ಹತ್ತೊಂಬತ್ತೋ ಇಪ್ಪತ್ತೋ ವರ್ಷವಿರಬೇಕು. ಊಟದ ಡಬ್ಬಿಯ ಚೀಲ ಎದೆಗವಚಿಕೊಂಡು ಬಿಸಿಲಿನಲ್ಲಿ ನಿಂತುಕೊಂಡಳು.

ಅಪ್ಪ ಮಂಡಿಯ ಮೇಲೆ ಕೈಯೂರಿ ಎದ್ದರು. ಕೂತ್ಕೋ ತಾಯಿ ಎಂದರು. ಅವಳು, ನೀವು ದೊಡ್ಡೋರು ತಾತ, ಪರವಾಗಿಲ್ಲ ಎಂದು ಹಿಂದೆ ಸರಿದಳು. ಇಲ್ಲಮ್ಮಾ, ನೀನು ಕೂತ್ಕೋ ಎಂದು ಅವಳು ಕೂರುವವರೆಗೂ ಬಿಡಲಿಲ್ಲ.

ಅತ್ತೆ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಅಣ್ಣನ ಕಡೆ ತಿರುಗಿ ನೋಡಲಿಲ್ಲ. ಸೆರಗಿನ ತುದಿಯಿಂದ ಒಂದು ಸಲ ಕಣ್ಣೊತ್ತಿಕೊಂಡು, ಸಂಬಳ ಸರಿಯಾಗಿ ಕೊಡ್ತಾರೇನೇ ಎಂದು ಆ ಹುಡುಗಿಯನ್ನು ಕೇಳತೊಡಗಿದರು.

ಬಸ್ಸು ಬರಲು ಅವತ್ತು ತಡವಾಯಿತು. ಅಷ್ಟು ಹೊತ್ತೂ ಅಪ್ಪ ರೋಡಿನಲ್ಲೇ ನಿಂತಿದ್ದರು.